ಅಪ್ಪನಿಗೆ 84. ಈ ಸೀಸನ್ನಿಗೂ ಬೇಟೆಗೆ ಹೋಗ್ತೀನಿ ಅಂತಾರೆ. ಕರೆದುಕೊಂಡು ಹೋಗಲಾ?

ಮಂಜಿನಹಾದಿ ಬರೆದದ್ದು:

ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪನಿಗೆ 84 ತುಂಬಿತು. ಹದಿನಾರನೇ ವಯಸ್ಸಿನಿಂದ ಬೇಟೆ ಆಡಿಕೊಂಡು ಬಂದವರು. ನಾವಿರುವುದು ಸೀಸನ್ನಿನಲ್ಲಿ ಬೇಟೆಗೆ ಕಾನೂನಿನ ಅವಕಾಶ ಇರುವ ದೇಶದಲ್ಲಿ. ಲೈಸೆನ್ಸು, ಪರ್ಮಿಟ್ಟು ಎಲ್ಲ ಸರಿಯಾಗಿದೆ. ಸೀಸನ್ ಬಿಟ್ಟು ಒಂದು ದಿನವೂ ಕಾಡಿಗೆ ಕೋವಿ ಒಯ್ದವರಲ್ಲ. ಹೋದ ವರ್ಷ ಅಮ್ಮ ತೀರಿಕೊಂಡರು. ಆ ಒಂದು ಸೀಸನ್ ಮನೆಯಲ್ಲೇ ಇದ್ದರು, ಅದು ಬಿಟ್ಟರೆ ಯಾವುದನ್ನೂ ತಪ್ಪಿಸಿಲ್ಲ. ಈಗ ಮತ್ತೆ ಕೋವಿ ಬಿಚ್ಚಿ, ಎಣ್ಣೆ ಹಾಕಿ ಒರೆಸುತ್ತಾ ಕೂತಿದ್ದಾರೆ. ವರ್ಷದ ಮೇಲೆ ಅವರ ಮುಖದಲ್ಲಿ ಕಳೆ ಬಂದಿದ್ದು ಈಗಲೇ.

ಅಕ್ಕ ಬೇಡ ಅನ್ನುತ್ತಾಳೆ. ಕೋವಿಗೆ ಬೀಗ ಹಾಕಿ ಬೀಗದ ಕೈ ತನಗೆ ಕೊಡು ಅನ್ನುತ್ತಾಳೆ. ಅವಳ ಮಾತಿನಲ್ಲೂ ತಪ್ಪಿಲ್ಲ. ಹೋದ ವಾರ ಅಪ್ಪನ ಜೊತೆ ಸುಮ್ನೆ ಕಾಡಿನಲ್ಲಿ ಒಂದು ಸುತ್ತು ಹೋಗಿದ್ದೆ, ಕೋವಿ ಇಲ್ಲದೆ, ಹೇಗೆ ನಡೆಯುತ್ತಾರೆ ನೋಡೋಣ ಅಂತ. ದಾರಿಗೆ ಅಡ್ಡ ಒಂದು ಮರ ಬಿದ್ದಿತ್ತು. ಮೊದಲಾಗಿದ್ದರೆ ಒಂದೇ ಹೆಜ್ಜೆಗೆ ದಾಟುತ್ತಿದ್ದರು. ಈಗ ಅದರ ಮೇಲೆ ಕೂತು, ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಆ ಕಡೆಗೆ ಹಾಕಿ, ಆಮೇಲೆ ಎದ್ದರು. ಎದ್ದವರು ಸ್ವಲ್ಪ ಹೊತ್ತು ಹಾಗೇ ನಿಂತರು, ದಾರಿ ನೋಡುವವರ ಹಾಗೆ. ದಾರಿ ನೋಡುತ್ತಿರಲಿಲ್ಲ, ಸುಧಾರಿಸಿಕೊಳ್ಳುತ್ತಿದ್ದರು.

ಇನ್ನೂ ಒಂದು. ಬಲಗಡೆ ಒಣಗಿದ ಎಲೆ ಮೇಲೆ ಸರಸರ ಸದ್ದಾಯಿತು. ನಾನು ತಿರುಗಿದೆ, ಅವರು ತಿರುಗಲಿಲ್ಲ. ಕಾಡಿನಲ್ಲಿ ಅವರಿಗಿಂತ ಮೊದಲು ನಾನು ತಿರುಗಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲ ಸಲ.

ಬಿಪಿಗೆ ಮಾತ್ರೆ ತಗೊಳ್ಳುತ್ತಾರೆ. ಬಲಗಣ್ಣಿನ ಪೊರೆ ತೆಗೆಸಿದ್ದಾಗಿದೆ, ಎಡಗಣ್ಣಿನದು ಬಾಕಿ. ಮೊಣಕಾಲು ನೋವು ಇದ್ದದ್ದೇ. ತಲೆ ಮಾತ್ರ ಚುರುಕಾಗಿದೆ, ಮೂವತ್ತು ವರ್ಷದ ಹಿಂದೆ ಯಾವ ಮರದ ಬುಡದಲ್ಲಿ ಕೂತಿದ್ದೆ ಅಂತ ಈಗಲೂ ತೋರಿಸುತ್ತಾರೆ.

ಎಂಬತ್ತು ದಾಟಿದ ಮೇಲೂ ಹೋಗುವವರು ಇಲ್ಲಿ ಯಾರಾದರೂ ಇದ್ದೀರಾ? ಏನು ಬಿಟ್ಟಿರಿ, ಏನು ಉಳಿಸಿಕೊಂಡಿರಿ? ನನಗೆ ಧೈರ್ಯ ಹೇಳುವುದು ಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನೇರಮಾತು ಬರೆದದ್ದು:

ಬೇಡ. ನಮ್ಮ ಚಿಕ್ಕಪ್ಪ 76ರಲ್ಲಿ ಮರದ ಮೇಲಿನ ಅಟ್ಟಣೆಯಿಂದ ಇಳಿಯುವಾಗ ಏಣಿಯ ಕೊನೆಯ ಮೆಟ್ಟಿಲು ಎರಡಿರುವಾಗ ಜಾರಿದರು. ಆಳೆತ್ತರವೂ ಇಲ್ಲ. ಸೊಂಟದ ಮೂಳೆ ಮುರಿಯಿತು. ಮತ್ತೆ ಕಾಡಿಗೆ ಹೋಗುವುದಿರಲಿ, ಹಾಸಿಗೆಯಿಂದಲೇ ಸರಿಯಾಗಿ ಏಳಲಿಲ್ಲ. ನಿಮ್ಮ ಅಕ್ಕನ ಮಾತು ಕೇಳಿ.

ಹಳೇಕೋವಿ ಬರೆದದ್ದು:

ನನಗೆ 81. ಈಗಲೂ ಹೋಗುತ್ತೇನೆ. ಹಾಗಾಗಿ ಬರೆಯುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ನೇರಮಾತು ಅವರೇ, ನಿಮ್ಮ ಚಿಕ್ಕಪ್ಪನ ವಿಷಯ ಓದಿ ಸಂಕಟವಾಯಿತು. ಆದರೆ ಅವರನ್ನು ಕೆಡವಿದ್ದು ಏಣಿ. ಅವರು ಏಣಿಯನ್ನು ಹತ್ತು ವರ್ಷ ಮೊದಲೇ ಬಿಟ್ಟಿದ್ದರೆ ಬೇಟೆ ಉಳಿಯುತ್ತಿತ್ತು ಅಲ್ವಾ? ನಮ್ಮ ವಯಸ್ಸಿನವರು ಸೋಲುವುದೇ ಇಲ್ಲಿ. ಎಲ್ಲವನ್ನೂ ಹಿಡಿದುಕೊಂಡಿರುತ್ತೇವೆ, ಒಂದು ದಿನ ಎಲ್ಲವೂ ಒಟ್ಟಿಗೆ ಕೈತಪ್ಪುತ್ತದೆ. ಒಂದೊಂದನ್ನೇ, ಸರಿಯಾದ ಸಮಯಕ್ಕೆ, ನಾವೇ ಬಿಡುತ್ತಾ ಬಂದರೆ ತುಂಬಾ ವರ್ಷ ಹೋಗಬಹುದು.

ನಾನು ಮೊದಲು ಬಿಟ್ಟಿದ್ದು ಅಟ್ಟಣೆ. ಆಗ ನನಗೆ 68, ಗಟ್ಟಿಯಾಗಿಯೇ ಇದ್ದೆ, ಆದರೂ ಬಿಟ್ಟೆ. ಮರದ ಮೇಲೆ ಕೂತು ಜಿಂಕೆ ಕಾಯುವವರಿಗೆ ದೊಡ್ಡ ಪೆಟ್ಟು ಬೀಳುವುದು ಬಹುತೇಕ ಹತ್ತುವಾಗ, ಇಳಿಯುವಾಗ. ಮೇಲೆ ಕೂತ ಮೇಲೆ ಬೆಲ್ಟು ಹಾಕಿಕೊಂಡರೆ ಸಾಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ನೆಲದಿಂದ ಕಾಲು ಎತ್ತಿದಾಗಿನಿಂದ ಮತ್ತೆ ನೆಲ ಮುಟ್ಟುವ ತನಕ ಮೈಪೂರ್ತಿ ಹಿಡಿಯುವ ಬೆಲ್ಟು ಹಗ್ಗಕ್ಕೆ ಸಿಕ್ಕಿಸಿರಬೇಕು. ಎಳೆಯರಿಗೂ ಇದೇ ಮಾತು. ಎಂಬತ್ತರವರಿಗೆ ಬೆಲ್ಟೂ ಬೇಡ, ಮರವೂ ಬೇಡ.

ಆಮೇಲೆ ಸೋವು ಬಿಟ್ಟೆ. ಹಳುವಿನಲ್ಲಿ ನುಗ್ಗಿ ಪ್ರಾಣಿ ಎಬ್ಬಿಸುವುದಕ್ಕೆ ಎಳೆಯ ಮೊಣಕಾಲು ಬೇಕು. ಅದಕ್ಕಿಂತ ಮುಖ್ಯ, ಸೋವಿನಲ್ಲಿ ಪ್ರಾಣಿ ಓಡಿ ಬರುತ್ತದೆ, ಎದುರಿಗೆ ಜನರೂ ಇರುತ್ತಾರೆ, ಕಣ್ಣು ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಹೊಡೆಯಬೇಕೋ ಬೇಡವೋ ಅಂತ ತೀರ್ಮಾನ ಆಗಬೇಕು. ನನ್ನ ತೀರ್ಮಾನ ತಪ್ಪುವುದಿಲ್ಲ, ಆದರೆ ನಿಧಾನವಾಗಿದೆ ಅಂತ 70ರ ಹೊತ್ತಿಗೆ ನನಗೇ ಗೊತ್ತಾಯಿತು. ಆ ಕ್ಷಣದಿಂದ ಓಡುವ ಪ್ರಾಣಿಗೆ ಈಡು ಹೊಡೆದಿಲ್ಲ.

ಮೂರನೆಯದು ಭಾರದ ಕೋವಿ. ದೊಡ್ಡ ಗುಂಡಿನ .30-06 ರೈಫಲ್ ಮಗನಿಗೆ ಕೊಟ್ಟು ಚಿಕ್ಕ ಗುಂಡಿನ .243 ತಗೊಂಡೆ. ಹೆಗಲಿಗೆ ಒದೆಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಒದೆತಕ್ಕೆ ಹೆದರಿದ ಹೆಗಲು ಟ್ರಿಗರ್ ಎಳೆಯುವ ಮೊದಲೇ ಕುಗ್ಗುತ್ತದೆ, ಆಗ ಎಂಥ ಗುರಿಕಾರನ ಗುಂಡೂ ಪ್ರಾಣಿಯನ್ನು ಗಾಯ ಮಾಡಿ ಬಿಡುತ್ತದೆ, ಸಾಯಿಸುವುದಿಲ್ಲ. ಗಾಯಗೊಂಡ ಪ್ರಾಣಿಯ ಹಿಂದೆ ಹೋಗುವ ಕಾಲು ನಮಗಿಲ್ಲ. ಚಿಕ್ಕ ಗುಂಡಿಗೆ ಹತ್ತಿರದ ಈಡೇ ಬೇಕು. ನಾನು ನೂರು ಮೀಟರಿನಾಚೆ ಹೊಡೆಯುವುದೇ ಇಲ್ಲ.

ಒಬ್ಬನೇ ಹೋಗುವುದನ್ನು 77ಕ್ಕೆ ಬಿಟ್ಟೆ. ಅದು ಮಾತ್ರ ಕಷ್ಟವಾಯಿತು. ಉಳಿದದ್ದೆಲ್ಲ ಕೈಕಾಲಿನ ವಿಷಯ, ಇದು ಮನಸ್ಸಿನದು. ಒಂದಷ್ಟು ದಿನ ಬೆಳಗಿನ ಜಾವ ಎದ್ದು ಬೂಟು ಹಾಕಿ ಬಾಗಿಲಲ್ಲಿ ನಿಂತು ಮತ್ತೆ ಬಿಚ್ಚಿಟ್ಟಿದ್ದೇನೆ.

ಉಳಿಸಿಕೊಂಡಿದ್ದು ಮರಸು. ಮರಕ್ಕೆ ಬೆನ್ನು ಕೊಟ್ಟು, ನಮ್ಮ ವಾಸನೆ ಪ್ರಾಣಿಗೆ ಹೋಗದ ಹಾಗೆ ಗಾಳಿ ಎದುರಿಗಿಟ್ಟುಕೊಂಡು ಕೂರುವುದು. ಇಪ್ಪತ್ತರಲ್ಲಿ ಅರ್ಧ ಗಂಟೆ ಕೂತರೆ ಮೈಯೆಲ್ಲ ತುರಿಕೆ. ಈಗ ಮೂರು ಗಂಟೆ ಕಲ್ಲಿನ ಹಾಗೆ ಕೂರುತ್ತೇನೆ. ಗಾಳಿ ನೋಡಲು ಬೂದಿ ಬೇಡ, ಒದ್ದೆ ಬೆರಳು ಬೇಡ, ಕೆನ್ನೆಗೇ ಗೊತ್ತಾಗುತ್ತದೆ. ಪ್ರಾಣಿ ಯಾವ ಹೊತ್ತಿಗೆ ಯಾವ ಕಡೆಯಿಂದ ಬರುತ್ತದೆ ಅನ್ನುವುದಕ್ಕೆ ಅರವತ್ತು ವರ್ಷದ ಲೆಕ್ಕ ಒಳಗಿದೆ. ಎಳೆಯರು ನಡೆದು ಹುಡುಕುವುದನ್ನು ನಾವು ಕೂತು ಹುಡುಕುತ್ತೇವೆ.

ಮಗಳು ಒಂದು ಅಧ್ಯಯನ ಓದಿ ಹೇಳಿದಳು. 2020ರಲ್ಲಿ ಬಂದದ್ದು. ಜಗತ್ತಿನ 40 ಕಡೆ, ಹೊಟ್ಟೆಪಾಡಿಗೆ ಬೇಟೆಯಾಡುವ 1,800ಕ್ಕೂ ಹೆಚ್ಚು ಜನರ ಸುಮಾರು 23,000 ಬೇಟೆಗಳ ಲೆಕ್ಕ ಇಟ್ಟು ನೋಡಿದ್ದಾರೆ. ಕೈ ಅತಿ ಹೆಚ್ಚು ಪಳಗಿರುವುದು ಸರಾಸರಿ 30ರಿಂದ 35ರ ವಯಸ್ಸಿನಲ್ಲಂತೆ, ಆದರೆ ಅದಾದ ಮೇಲೂ ತುಂಬಾ ವರ್ಷ ಅದು ಹೆಚ್ಚೇನೂ ಇಳಿಯುವುದಿಲ್ಲ. ನನಗೆ ಹಿಡಿಸಿದ್ದು ಇನ್ನೊಂದು ಮಾತು. ಒಂದೇ ಊರಿನ ಬೇಟೆಗಾರರಲ್ಲಿ ಕಲಿಯುವ ವೇಗ ಹೆಚ್ಚುಕಡಿಮೆ ಹತ್ತಿರ ಹತ್ತಿರ ಇರುತ್ತದೆ, ಇಳಿಯುವ ವೇಗದಲ್ಲೇ ಒಬ್ಬರಿಗೂ ಇನ್ನೊಬ್ಬರಿಗೂ ಜಾಸ್ತಿ ವ್ಯತ್ಯಾಸ. ನನ್ನ ಜೊತೆಗೆ ಶುರು ಮಾಡಿದವರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ 84 ಅನ್ನುವ ಅಂಕಿ ನೋಡಿ ತೀರ್ಮಾನ ಮಾಡಬೇಡಿ, ನಿಮ್ಮ ತಂದೆಯವರನ್ನು ನೋಡಿ ಮಾಡಿ.

ಎದೆಬಡಿತ ಬರೆದದ್ದು:

ಹಿರಿಯರು ಒಂದನ್ನು ಹೇಳಲು ಮರೆತರು: ಹೊಡೆದ ಪ್ರಾಣಿಯನ್ನು ಎಳೆಯುವುದು.

ನಾನು ಹೃದ್ರೋಗದ ವಾರ್ಡಿನಲ್ಲಿ ನರ್ಸ್. ಸೀಸನ್ ಶುರುವಾದ ವಾರ ನಮ್ಮಲ್ಲಿಗೆ ಬರುವವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ಮಿಷಿಗನ್ನಿನಲ್ಲಿ 25 ಗಂಡಸರಿಗೆ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ಜಿಂಕೆ ಬೇಟೆಗೆ ಕಳಿಸಿದ್ದರು, 2007ರಲ್ಲಿ ಅದರ ವರದಿ ಬಂತು. ಅವರಲ್ಲಿ ಹಲವರಿಗೆ ಮೊದಲೇ ಹೃದಯದ ಕಾಯಿಲೆ ಇತ್ತು. ಕಾಡಿನಲ್ಲಿ ಕೆಲವರ ಎದೆಬಡಿತ ಆಸ್ಪತ್ರೆಯ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಮುಟ್ಟಿದ್ದಕ್ಕಿಂತಲೂ ಮೇಲೆ ಹೋಗಿತ್ತು. ಅದೂ ನಡುವಯಸ್ಸಿನವರದು. ಯಾಕೆ ಅಂತ ಯೋಚಿಸಿ. ಮೂರು ಗಂಟೆ ಅಲ್ಲಾಡದೆ ಕೂತ ಮೈ. ಚಳಿಗೆ ರಕ್ತನಾಳಗಳು ಸಂಕುಚಿಸಿವೆ. ಪ್ರಾಣಿ ಕಂಡ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ. ಈಡು ಬಿದ್ದ ಖುಷಿಯಲ್ಲಿ, ಬಿಸಿ ಆಗದ ಮೈಯಲ್ಲೇ, ಅರವತ್ತು ಎಪ್ಪತ್ತು ಕಿಲೋ ಭಾರವನ್ನು ಕೊಂಬು ಹಿಡಿದು ಉಬ್ಬುತಗ್ಗಿನ ನೆಲದಲ್ಲಿ ಎಳೆಯುತ್ತಾರೆ. ಹೃದಯಕ್ಕೆ ಇದಕ್ಕಿಂತ ಕೆಟ್ಟ ಪರೀಕ್ಷೆ ಬೇಕೆಂದರೂ ಸಿಗುವುದಿಲ್ಲ.

ಆದ್ದರಿಂದ 84ರವರು ಎಳೆಯುವುದು ಬೇಡವೇ ಬೇಡ, ಒಂದು ಕೈಯನ್ನೂ ಹಾಕುವುದು ಬೇಡ. ನೀವು ಎಳೆಯುವಾಗಲೂ ಪ್ಲಾಸ್ಟಿಕ್ಕಿನ ಜಾರುಬಂಡಿ ತಗೊಳ್ಳಿ, ಇಲ್ಲವೇ ಅಲ್ಲೇ ಭಾಗ ಮಾಡಿ ನಾಲ್ಕು ಸಲ ಹೊರಿ.

ಬಿಪಿ ಮಾತ್ರೆ ಅಂದಿರಿ. ಕೂತವರು ಎದ್ದಾಗ ತಲೆ ಸುತ್ತುವುದು ಆ ಮಾತ್ರೆಗಳಲ್ಲಿ ತುಂಬಾ ಸಾಮಾನ್ಯ. ತುಂಬಾ ಹೊತ್ತು ಕೂತು ಧಡಕ್ಕನೆ ಎದ್ದರೆ ಇನ್ನೂ ಜಾಸ್ತಿ. ನಾನು ಹೇಳುವ ಕ್ರಮ ಇದು: ಮೊದಲು ಕೋವಿ ಖಾಲಿ ಮಾಡಿ ನೀವು ಇಸಿದುಕೊಳ್ಳಿ. ಆಮೇಲೆ ಅವರು ಕೂತಲ್ಲೇ ಪಾದ ಆಡಿಸಲಿ, ಕಾಲು ಚಾಚಿ ಮಡಿಸಲಿ. ಆಮೇಲೆ ಏಳಲಿ. ಎದ್ದು ಅಲ್ಲೇ ನಿಂತು ಇಪ್ಪತ್ತು ಎಣಿಸಿ ಆಮೇಲೆ ಹೆಜ್ಜೆ. ರಕ್ತ ತೆಳು ಮಾಡುವ ಮಾತ್ರೆ ಇದೆಯಾ ಕೇಳಿಕೊಳ್ಳಿ, ಇದ್ದರೆ ಚಾಕು ಅವರ ಕೈಗೆ ಹೋಗಬಾರದು, ತಲೆಗೆ ಸಣ್ಣ ಏಟು ಬಿದ್ದರೂ ಆಸ್ಪತ್ರೆಗೆ ಹೋಗಬೇಕು. ಪೇಸ್‌ಮೇಕರ್ ಇದ್ದವರು ಅದು ಇರುವ ಕಡೆಯ ಹೆಗಲಿಗೆ ಕೋವಿ ಇಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡದು. ವಯಸ್ಸಾದವರಿಗೆ ಚಳಿಯೂ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. "ಚಳಿ ಆಗ್ತಿದೆಯಾ ಅಪ್ಪ" ಅಂತ ಕೇಳಬೇಡಿ, ಇಲ್ಲ ಅಂತಲೇ ಹೇಳುತ್ತಾರೆ. ಕೈ ಮುಟ್ಟಿ ನೋಡಿ.

ಎಡಗಿವಿ ಬರೆದದ್ದು:

ಎಲೆ ಸದ್ದಿನ ಬಗ್ಗೆ. ಕೋವಿಯ ಸದ್ದು 140 ಡೆಸಿಬೆಲ್‌ಗಿಂತ ಮೇಲೆ, ಕಿವಿಗೆ ಏನೂ ಹಾಕದೆ ಕೇಳಿದರೆ ಒಂದೇ ಈಡೂ ಹಾನಿ ಮಾಡಬಹುದು. ಮೊದಲು ಹೋಗುವುದು ಕೀಚಲು ಸದ್ದುಗಳು. ಒಣ ಎಲೆ, ಕಡ್ಡಿ ಮುರಿಯುವುದು, ಸಣ್ಣ ಹಕ್ಕಿಯ ದನಿ, ಬೇಟೆಗಾರನಿಗೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಬಲ ಹೆಗಲಿಗೆ ಕೋವಿ ಇಡುವವರಿಗೆ ಎಡಗಿವಿಯೇ ಜಾಸ್ತಿ ಕೆಡುತ್ತದೆ, ಯಾಕಂದ್ರೆ ಅದು ನಳಿಗೆಯ ಬಾಯಿಗೆ ಹತ್ತಿರ, ಬಲಗಿವಿಗೆ ತಲೆಯೇ ಅಡ್ಡ ಇರುತ್ತದೆ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ ಅಲ್ವಾ.

ಬ್ಯಾಟರಿ ಹಾಕುವ ಕಿವಿಮುಚ್ಚು ಬರುತ್ತದೆ. ಸಣ್ಣ ಸದ್ದನ್ನು ಹೆಚ್ಚಿಸಿ ಕೇಳಿಸುತ್ತದೆ, ಈಡಿನ ಸದ್ದನ್ನು ತಡೆಯುತ್ತದೆ. ನಾನು ಅದನ್ನು ಮೊದಲ ಸಲ ಹಾಕಿಕೊಂಡು ಕೂತ ದಿನ, ನನ್ನದೇ ಜಾಕೆಟ್ಟಿನ ತೋಳು ಉಜ್ಜುವ ಸದ್ದು ಕೇಳಿ ಯಾವುದೋ ಪ್ರಾಣಿ ಅಂತ ತಿರುಗಿದೆ. ಹತ್ತು ವರ್ಷದಿಂದ ಆ ಸದ್ದು ನನಗೆ ಕೇಳಿಸಿರಲೇ ಇಲ್ಲ. ಅಪ್ಪನಿಗೆ ಕೊಡಿಸಿ.

ಕಣ್ಣಳತೆ ಬರೆದದ್ದು:

ಕನ್ನಡಕದ ಕೆಲಸದಲ್ಲಿದ್ದೇನೆ, ಕಣ್ಣಿನದು ನಾನು ಹೇಳುತ್ತೇನೆ. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಭಾಗ. ಪಾಪೆ ಚಿಕ್ಕದಾಗಿರುತ್ತದೆ, ಲೆನ್ಸು ಹಳದಿಯಾಗಿರುತ್ತದೆ. ನಿಮಗೆ "ಇನ್ನೂ ಬೆಳಕಿದೆ" ಅನ್ನಿಸುವ ಹೊತ್ತು ಅಪ್ಪನಿಗೆ ಆಗಲೇ ಕತ್ತಲೆ. ಆದ್ದರಿಂದ ಬೆಳಗಿನ ಮೊದಲ ಅರ್ಧ ಗಂಟೆ, ಸಂಜೆಯ ಕೊನೆಯ ಅರ್ಧ ಗಂಟೆ ಅವರಿಗೆ ಇಲ್ಲ ಅಂತ ಇಟ್ಟುಕೊಳ್ಳಿ. ಬೇಟೆಗೆ ಅದೇ ಒಳ್ಳೆಯ ಹೊತ್ತು, ಗೊತ್ತು. ಆದರೂ ಇಲ್ಲ.

ದುರ್ಬೀನಿನ ವಿಷಯದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ವಯಸ್ಸಾದವರಿಗೆ ದೊಡ್ಡ ಗಾಜಿನದು ಕೊಡಿಸುತ್ತಾರೆ. 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರು ಗಾಜಿನ) ದುರ್ಬೀನಿನಿಂದ ಹೊರಬರುವ ಬೆಳಕಿನ ಬಿಲ್ಲೆ 5 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, 8×32ರಲ್ಲಿ 4 ಮಿಲಿಮೀಟರು. ಎಂಬತ್ತರ ಪಾಪೆ ಕತ್ತಲಲ್ಲೂ ಅಷ್ಟು ಅರಳದೇ ಇದ್ದರೆ, ಮಿಕ್ಕ ಬೆಳಕು ಕಣ್ಣಿನೊಳಗೆ ಹೋಗುವುದೇ ಇಲ್ಲ, ಭಾರ ಮಾತ್ರ ಕುತ್ತಿಗೆಗೆ. ಹಗುರವಾದದ್ದು ಕೊಡಿಸಿ, ಗಾಜು ಒಳ್ಳೆಯದಿರಲಿ.

ಗುರಿಗೆ ಹಳೆಯ ಕಬ್ಬಿಣದ ಗುರಿಕಣ್ಣು ಇದ್ದರೆ ಬಿಡಿಸಿ. ಹಿಂದಿನ ಕಂಡಿ, ಮುಂದಿನ ಮೊನೆ, ಆಚೆ ಪ್ರಾಣಿ, ಮೂರು ದೂರಕ್ಕೆ ಒಟ್ಟಿಗೆ ಹೊಂದಿಕೊಳ್ಳುವುದು ವಯಸ್ಸಾದ ಲೆನ್ಸಿಗೆ ಆಗುವುದಿಲ್ಲ. ಸ್ಕೋಪಿನಲ್ಲಾಗಲಿ, ಕೆಂಪು ಚುಕ್ಕಿಯ ಗುರಿಯಲ್ಲಾಗಲಿ ಗುರಿ ಮತ್ತು ಪ್ರಾಣಿ ಒಂದೇ ದೂರದಲ್ಲಿ ಕಾಣುತ್ತವೆ. ಎಡಗಣ್ಣಿನ ಪೊರೆ ಬೇಗ ತೆಗೆಸಿ, ಗುರಿಗೆ ಅಂತ ಅಲ್ಲ, ನಡೆಯುವುದಕ್ಕೆ. ಎರಡು ಕಣ್ಣೂ ಸರಿ ಇದ್ದರೆ ತಾನೇ ಬೇರು ಎಷ್ಟು ಎತ್ತರ ಇದೆ ಅಂತ ಕಾಲಿಗೆ ಗೊತ್ತಾಗುವುದು.

ಬಿಲ್ಲುಗಾರ ಬರೆದದ್ದು:

ಬಿಲ್ಲಿನವರಿಗೆ ಎರಡೇ ಮಾತು. ತುದಿಗಳಲ್ಲಿ ಗಾಲಿ ಇರುವ ಕಾಂಪೌಂಡ್ ಬಿಲ್ಲಿನಲ್ಲಿ 50 ಪೌಂಡ್ ಎಳೆತ ಇದ್ದರೂ ಪೂರ್ತಿ ಎಳೆದ ಮೇಲೆ ಹಿಡಿದಿಡುವ ಭಾರ 10 ಪೌಂಡಿನ ಆಸುಪಾಸಿಗೆ ಇಳಿಯುವ ಹಾಗೆ ಮಾಡಿಸಬಹುದು. ಅದೂ ಆಗದಿದ್ದರೆ ತಿರುಗಿಸಿ ಎಳೆಯುವ ಹಿಡಿಯಿರುವ ಅಡ್ಡಬಿಲ್ಲು. ಕಾನೂನು ಒಂದೊಂದು ಕಡೆ ಒಂದೊಂದು ಥರ, ಕೆಲವು ಕಡೆ ಹಿರಿಯರಿಗೆ ಅಂತಲೇ ಅಡ್ಡಬಿಲ್ಲಿಗೆ ಅವಕಾಶ ಇದೆ. ವಿಚಾರಿಸಿಕೊಂಡು ಹೋಗಿ.

ಕಾಡಿನಮಗಳು ಬರೆದದ್ದು:

ಎಲ್ಲರೂ ಕಣ್ಣು, ಕಿವಿ, ಎದೆ ಅಂದಿರಿ. ತಲೆಯ ಬಗ್ಗೆ ನಾನು ಬರೆಯಬೇಕು. ತುಂಬಾ ದಿನದಿಂದ ಎಲ್ಲಾದರೂ ಹೇಳಬೇಕು ಅಂತಿದ್ದೆ.

ನಮ್ಮ ತಂದೆ ನನಗೆ ಹೆಜ್ಜೆ ಗುರುತು ಓದುವುದನ್ನು ಕಲಿಸಿದವರು. ಅವರ 78ನೇ ವಯಸ್ಸಿನ ಸೀಸನ್ನು. ನಾನು, ಅವರು, ನನ್ನ ಮಗ, ಮೂವರು ಹೋಗಿದ್ದೆವು. ಅಪ್ಪ ಕೋವಿ ಮುರಿದು, ಅಂದರೆ ನಳಿಗೆ ಬಗ್ಗಿಸಿ ತೆರೆದು, ತೋಟಾ ಹಾಕಿ ಮುಚ್ಚಿದರು. ಎರಡು ನಿಮಿಷ ಬಿಟ್ಟು ಮತ್ತೆ ಮುರಿದು ನೋಡಿ ಮುಚ್ಚಿದರು. ಮತ್ತೆ ಇನ್ನೊಂದು ಸಲ. ವಯಸ್ಸಾಯಿತು, ಜಾಗ್ರತೆ ಜಾಸ್ತಿ ಆಗಿದೆ ಅಂದುಕೊಂಡೆ. ನಾಲ್ಕನೇ ಸಲ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಹಾಕಿದ್ನಾ ಮಗಾ?" ಕೇಳಿದ್ದಕ್ಕಲ್ಲ ನನಗೆ ಭಯವಾದದ್ದು. ಕೇಳಲು ತಿರುಗಿದಾಗ ನಳಿಗೆಯೂ ಜೊತೆಗೆ ತಿರುಗಿತು. ನನ್ನ ಮಗನ ಹೊಟ್ಟೆಯ ಮೇಲೆ ಹಾದು ಹೋಯಿತು. ಐವತ್ತು ವರ್ಷ ಎಲ್ಲರಿಗೂ ನಳಿಗೆಯ ಬಗ್ಗೆ ಬೈದು ಬೈದು ಕಲಿಸಿದ ಮನುಷ್ಯ, ಅದು ಅವರ ಗಮನಕ್ಕೇ ಬರಲಿಲ್ಲ.

ಆಮೇಲೆ ನಾವು ಮಾಡಿದ್ದು ತಪ್ಪು. ಅವರಿಗೆ ಹೇಳದೆ ಕೋವಿಯನ್ನು ಬೇರೆ ಕಡೆ ಸಾಗಿಸಿದೆವು. ರಿಪೇರಿಗೆ ಕೊಟ್ಟಿದ್ದೇವೆ ಅಂದೆವು. ಅವರು ನಂಬಲಿಲ್ಲ. ತಿಂಗಳುಗಟ್ಟಲೆ ರಾತ್ರಿ ಎದ್ದು ಕಪಾಟು ತೆರೆದು ನೋಡುತ್ತಿದ್ದರು. ಯಾರೋ ಕದ್ದಿದ್ದಾರೆ ಅಂತ ಮನೆಗೆ ಬಂದವರ ಮೇಲೆಲ್ಲ ಅನುಮಾನ. ಕೋವಿ ತೆಗೆದಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ತೆಗೆದ ರೀತಿಗೆ ಇದೆ.

ಮಂಜಿನಹಾದಿಯವರೇ, ನಿಮ್ಮ ತಂದೆಯವರ ತಲೆ ಚುರುಕಾಗಿರುವಾಗಲೇ, ಈ ವಾರವೇ, ಕೂತು ಮಾತಾಡಿ. ಯಾವ ಯಾವ ಗುರುತು ಕಂಡರೆ ಕೋವಿ ಇಡಬೇಕು ಅಂತ ಅವರೇ ಹೇಳಲಿ. ಕೋವಿ ಯಾರಿಗೆ ಹೋಗಬೇಕು ಅಂತಲೂ ಅವರೇ ಹೇಳಲಿ. ನಾವು ಆ ಮಾತನ್ನು ಅಪಶಕುನ ಅಂತ ಮುಂದೂಡಿದೆವು. ಗೊತ್ತಿದ್ದ ದಾರಿಯಲ್ಲಿ ದಾರಿ ತಪ್ಪುವುದು, ತೋಟಾ ಹಾಕಿದ್ದು ಮರೆಯುವುದು, ಕಾರಣ ಇಲ್ಲದೆ ಸಿಟ್ಟು, ಇವು ಕಂಡರೆ ಒಂದು ದಿನವೂ ಕಾಯಬೇಡಿ.

ಆಮೇಲೂ ಅಪ್ಪನನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದೆ, ಬರಿಗೈಯಲ್ಲಿ. ನನ್ನ ಹೆಸರು ಕೆಲವು ದಿನ ಬಾಯಿಗೆ ಬರುತ್ತಿರಲಿಲ್ಲ. ಆದರೆ ಕೆಸರಿನಲ್ಲಿ ಒಂದು ಗೊರಸಿನ ಗುರುತು ಕಂಡರೆ ಬಗ್ಗಿ, ಬೆರಳಿನಿಂದ ಅಂಚು ಮುಟ್ಟಿ, "ನಿನ್ನೆ ರಾತ್ರಿ ಹೋಗಿದೆ, ಹೆಣ್ಣು, ಹಿಂದೆ ಮರಿ" ಅನ್ನುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು.

ನೇರಮಾತು ಬರೆದದ್ದು:

ಕಾಡಿನಮಗಳು ಅವರೇ, ಬರೆದಿದ್ದಕ್ಕೆ ಧನ್ಯವಾದ. ನಾನು ಮೊದಲು ಬರೆದದ್ದು ಚಿಕ್ಕಪ್ಪನನ್ನು ನೆನೆಸಿಕೊಂಡು. ಹಳೇಕೋವಿಯವರು ಹೇಳಿದ ಏಣಿಯ ಮಾತು ಎರಡು ದಿನದಿಂದ ತಲೆಯಲ್ಲಿದೆ. ಅವರಿಗೆ ಯಾರೂ ಹಾಗೆ ಹೇಳಲಿಲ್ಲ. ಹೋಗು ಅಂದವರಿದ್ದರು, ಹೋಗಬೇಡ ಅಂದವರಿದ್ದರು, ಹೀಗೆ ಹೋಗು ಅಂದವರು ಒಬ್ಬರೂ ಇರಲಿಲ್ಲ.

ಹೊಲದಂಚು ಬರೆದದ್ದು:

ನಾನು ಬೇಟೆಗಾರನಲ್ಲ, ಬೆಳೆ ಬೆಳೆಯುವವನು. ಒಂದು ವಿಷಯ ಸೇರಿಸುತ್ತೇನೆ. ಜಪಾನಿನಲ್ಲಿ 1970ರ ದಶಕದಲ್ಲಿ ಲೈಸೆನ್ಸ್ ಇದ್ದ ಬೇಟೆಗಾರರು 5 ಲಕ್ಷಕ್ಕೂ ಹೆಚ್ಚು ಇದ್ದರು, ಈಗ ಸುಮಾರು 2 ಲಕ್ಷ, ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ 60 ದಾಟಿದವರು. ಜಿಂಕೆ, ಹಂದಿ ಹೊಲಕ್ಕೆ ನುಗ್ಗಿದರೆ ಅಲ್ಲಿ ಬರುವುದು ಬಹುಪಾಲು ಈ ಹಿರಿಯರೇ. ಅವರು ಹೋದ ಮೇಲೆ ಯಾರು ಅನ್ನುವುದು ಅಲ್ಲಿ ದೊಡ್ಡ ಚಿಂತೆ. ಅದಕ್ಕೇ ಕೇಳಿಕೊಳ್ಳುತ್ತೇನೆ, ಅಪ್ಪ ಹೋಗುವಾಗ ಜೊತೆಗೆ ಒಬ್ಬ ಎಳೆಯರನ್ನು ಕಳಿಸಿ.

ಮಂಜಿನಹಾದಿ ಬರೆದದ್ದು:

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಅಕ್ಕನನ್ನೂ ಕೂರಿಸಿಕೊಂಡೆ. ಅಟ್ಟಣೆ, ಎಳೆಯುವುದು, ಒಬ್ಬರೇ ಹೋಗುವುದು, ಮೂರಕ್ಕೂ ತಕರಾರಿಲ್ಲದೆ ಒಪ್ಪಿದರು. ಮುಂಜಾನೆಯ ಮೊದಲ ಅರ್ಧ ಗಂಟೆ ಇಲ್ಲ ಅಂದಾಗ ಮುಖ ಸಣ್ಣದಾಯಿತು. ಕಾಡಿನಮಗಳು ಅವರದನ್ನು ಓದುವಾಗ ನನ್ನ ದನಿ ನಡುಗಿತು. ಅಪ್ಪ ಸುಮ್ಮನಿದ್ದರು. ಆಮೇಲೆ ಕಾಗದ ತಾ ಅಂದರು. ಅವರೇ ಬರೆದರು:

"ಕೊಂಬು, ಕಿವಿ ಬೇರೆ ಬೇರೆ ಕಾಣದಿದ್ದರೆ ಕೋವಿ ಎತ್ತುವುದಿಲ್ಲ. ಹಿಂದೆ ಏನಿದೆ ಅಂತ ತಿಳಿಯದಿದ್ದರೆ ಹೊಡೆಯುವುದಿಲ್ಲ. ತೋಟಾ ಹಾಕಿದ್ದು ಒಂದು ಸಲ ಮರೆತರೂ ಅಂದೇ ಕೋವಿ ಮಗನಿಗೆ. ಮಗಳು ಸಾಕು ಅಂದ ದಿನ ಸಾಕು."

ಕೊನೆಯ ಸಾಲು ಅವರೇ ಸೇರಿಸಿದ್ದು. ಅಕ್ಕ ಓದಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಕಿವಿಮುಚ್ಚು ತಾನೇ ಕೊಡಿಸುತ್ತೇನೆ ಅಂದಳು.

ಇನ್ನು ಆರು ವಾರ ಇದೆ. ಅಷ್ಟರಲ್ಲಿ ಕಾಲಿಗೆ ಏನಾದರೂ ಬಲ ಬರಿಸಬಹುದಾ? ಈ ವಯಸ್ಸಿನಲ್ಲಿ ಬರುತ್ತದಾ?

ಹಳೇಕೋವಿ ಬರೆದದ್ದು:

ಬರುತ್ತದೆ. 1990ರಲ್ಲೇ ಬಂದ ಒಂದು ಅಧ್ಯಯನ ಇದೆ, ವೃದ್ಧಾಶ್ರಮದಲ್ಲಿದ್ದ 86ರಿಂದ 96 ವಯಸ್ಸಿನ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ 174 ಪರ್ಸೆಂಟ್ ಹೆಚ್ಚಿತು. ಅವರು ನಿಮ್ಮ ತಂದೆಗಿಂತ ಎಷ್ಟೋ ಸೋತವರು.

ನಾನು ಮಾಡುವುದು ಹೇಳುತ್ತೇನೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಕೂರುವುದು, ದಿನಕ್ಕೆ ಮೂರು ಹೊತ್ತು. ಕೂರುವಾಗ ದೊಪ್ಪನೆ ಬೀಳಬಾರದು, ಇಳಿಸಿಕೊಂಡು ಕೂರಬೇಕು, ಬಲ ಬರುವುದು ಅದರಲ್ಲೇ. ಅಡಿಗೆಮನೆಯ ಕಟ್ಟೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವುದು. ನೆಲದಲ್ಲಿ ಒಂದು ಕಡ್ಡಿ ಇಟ್ಟು ಅದನ್ನು ಅಡ್ಡಡ್ಡ ದಾಟುವುದು, ಆಮೇಲೆ ಒಂದು ಇಟ್ಟಿಗೆ, ಆಮೇಲೆ ಎರಡು. ಬಿದ್ದ ಮರ ದಾಟುವ ಕಾಲು ಹೀಗೆ ತಯಾರಾಗುತ್ತದೆ. ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡಿ. ಖಾಲಿ ಕೋವಿಯನ್ನು ಗೋಡೆಯ ಒಂದು ಚುಕ್ಕಿಗೆ ಹಿಡಿದು ಹತ್ತು ಎಣಿಸುವುದನ್ನೂ ಬಿಡಬೇಡಿ, ಖಾಲಿ ಅಂತ ಇಬ್ಬರೂ ನೋಡಿದ ಮೇಲೆ.

ಜಿಮ್ ಕಾರ್ಬೆಟ್ ಹುಟ್ಟಿದ್ದು 1875ರಲ್ಲಿ. 1938ರಲ್ಲಿ ಠಾಕ್‌ನ ನರಭಕ್ಷಕ ಹುಲಿಯನ್ನು ಹೊಡೆದಾಗ ವಯಸ್ಸು 63. ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ಕೋವಿಗಿಂತ ಕ್ಯಾಮೆರಾ ಜಾಸ್ತಿ ಇರುತ್ತಿತ್ತು. ಆಮೇಲೆ ಯುದ್ಧದ ಕಾಲದಲ್ಲಿ ಎಳೆಯ ಸೈನಿಕರಿಗೆ ಕಾಡು ಕಲಿಸಿದರು. ಕೋವಿ ಹಿಂದೆ ಸರಿದಷ್ಟೂ ಅವರೊಳಗಿನ ಕಾಡು ಕೆಲಸಕ್ಕೆ ಬಂತು. ನಿಮ್ಮ ತಂದೆಯವರಿಗೆ ಇದನ್ನು ಹೇಳಿ, ಹೀಗೊಬ್ಬ ಹಳಬ ಹೇಳಿದ ಅಂತ.

ಮಂಜಿನಹಾದಿ ಬರೆದದ್ದು (ಏಳು ವಾರದ ನಂತರ):

ಹೋಗಿ ಬಂದೆವು. ಅಪ್ಪ, ನಾನು, ಅಕ್ಕನ ಮಗ.

ದಾರಿಯ ಆ ಮರ ಇನ್ನೂ ಅಲ್ಲೇ ಬಿದ್ದಿತ್ತು. ಅಪ್ಪ ನಿಂತರು, ನನ್ನ ಹೆಗಲು ಹಿಡಿದರು, ಒಂದು ಕಾಲು ಎತ್ತಿ ಹಾಕಿದರು, ಇನ್ನೊಂದು ಕಾಲು ಎತ್ತಿ ಹಾಕಿದರು. ಕೂರಲಿಲ್ಲ. ಏನೂ ಮಾತಾಡದೆ ಮುಂದೆ ನಡೆದರು.

ಬಯಲಿನ ಅಂಚಿನಲ್ಲಿ ಮರಸು ಕೂತೆವು. ಬೆನ್ನಿಗೆ ಆಸರೆ ಇರುವ ಕುರ್ಚಿ, ಕೋವಿ ಇಡಲು ಕವಲು ಕೋಲು. ಬೆಳಕು ಚೆನ್ನಾಗಿ ಹರಿದ ಮೇಲೆಯೇ ತೋಟಾ ಹಾಕಿದರು, ಹಾಕಿದ್ದನ್ನು ಬಾಯಿಬಿಟ್ಟು ಹೇಳಿದರು. ಎಂಟು ಗಂಟೆ ಸುಮಾರಿಗೆ ಅಪ್ಪನ ತಲೆ ಎಡಕ್ಕೆ ತಿರುಗಿತು. ನನಗೆ ಏನೂ ಕೇಳಿಸಿರಲಿಲ್ಲ. ಕಿವಿಮುಚ್ಚಿನಿಂದಾಗಿ ಅವರಿಗೆ ನನಗಿಂತ ಮೊದಲು ಕೇಳಿಸಿತ್ತು. ಆಮೇಲೆ ಗಂಡು ಜಿಂಕೆ ಹೊರಗೆ ಬಂತು, ಎಂಬತ್ತು ಮೀಟರು ಇರಬಹುದು. ಅಪ್ಪ ಕೋವಿ ಎತ್ತಿದರು, ಸ್ಕೋಪಿನಲ್ಲಿ ನೋಡಿದರು. ಜಿಂಕೆಯ ಹಿಂದೆ ಹಳು ಒತ್ತಾಗಿತ್ತು, ಅದರಾಚೆಗೆ ನೆಲ ಕಾಣುತ್ತಿರಲಿಲ್ಲ. ತುಂಬಾ ಹೊತ್ತು ನೋಡಿದರು. ಬೆರಳು ಟ್ರಿಗರಿಗೆ ಹೋಗಲೇ ಇಲ್ಲ. ಕೋವಿ ಇಳಿಸಿ ಹುಡುಗನ ಕಿವಿಯ ಹತ್ತಿರ ಬಗ್ಗಿ, ಯಾಕೆ ಹೊಡೆಯಲಿಲ್ಲ ಹೇಳು ನೋಡೋಣ ಅಂದರು. ಅವನು ಸರಿಯಾಗಿ ಹೇಳಿದ.

ಎಂಟೂವರೆಗೆ ಇದ್ದಕ್ಕಿದ್ದ ಹಾಗೆ "ಏಳ್ರೋ, ಸಾಕು" ಅಂದರು. ಸುಸ್ತಾಯಿತು ಅಂದುಕೊಂಡೆ. ಕೋವಿ ಖಾಲಿ ಮಾಡಿ ನನಗೆ ಕೊಟ್ಟು, ಪಾದ ಆಡಿಸಿ, ಎದ್ದು ಇಪ್ಪತ್ತು ಎಣಿಸಿದರು. ಜೋರಾಗಿಯೇ ಎಣಿಸಿದರು.

ಹಳೇಕೋವಿ ಬರೆದದ್ದು:

ತುಂಬಾ ಸಂತೋಷವಾಯಿತು. ಒಂದು ಪ್ರಶ್ನೆ. ಎಂಟೂವರೆಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?

ಮಂಜಿನಹಾದಿ ಬರೆದದ್ದು:

ಈಗ ಅಪ್ಪನನ್ನು ಕೇಳಿ ಬಂದೆ. ಅಲ್ಲಿಯವರೆಗೆ ಎದುರಿನಿಂದ ಇತ್ತಂತೆ. ಎಂಟೂವರೆಗೆ ಬೆನ್ನಿಗೆ ತಿರುಗಿತಂತೆ. ನಮಗಿಬ್ಬರಿಗೂ ಗೊತ್ತೇ ಆಗಿರಲಿಲ್ಲ. ಶನಿವಾರ ಬಯಲಿನ ಆ ಕಡೆ ಕೂರೋಣ ಅಂದಿದ್ದಾರೆ, ಅಲ್ಲಿಂದ ಹೊಡೆದರೆ ಪ್ರಾಣಿಯ ಹಿಂದೆ ಮಣ್ಣಿನ ದಿಬ್ಬ ಇದೆ.